ಹಳೆಯ ನಾಟಕವನ್ನು ಮತ್ತೆ ಆಡುವುದೆಂದರೆ ಏನನ್ನು ಆಡುವುದು?

ಕಂಪನಿ ನಾಟಕಗಳನ್ನು ನೋಡಿ ಬೆಳೆದವರು ನಾಲ್ಕು ಜನ ಒಂದೆಡೆ ಸೇರಿದರೆ ಒಂದು ಚರ್ಚೆ ತಪ್ಪದು. ಹಿಂದೆ ವರ್ಷಗಟ್ಟಲೆ ಆಡಿದ ಹಾಡಿನ ನಾಟಕಗಳನ್ನು ಈಗ ಮತ್ತೆ ರಂಗಕ್ಕೆ ತರಬೇಕೆ? ತರುವುದಾದರೆ ಹೇಗೆ ತರಬೇಕು? ನಮ್ಮ ಕೆರೆಬಿಳಚಿಯಲ್ಲಿಯೂ ಸೂಳೆಕೆರೆಯ ಸುತ್ತಲಿನ ಹಳ್ಳಿಗಳಲ್ಲಿಯೂ ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಒಂದು ಪಂಗಡದವರು, "ಆಡಿದರೆ ಇದ್ದುದು ಇದ್ದ ಹಾಗೆಯೇ ಆಡಬೇಕು, ಇಲ್ಲವಾದರೆ ಮುಟ್ಟಬಾರದು" ಎನ್ನುತ್ತಾರೆ. ಇನ್ನೊಂದು ಪಂಗಡದವರು, "ರಾತ್ರಿಯಿಡೀ ಕೂರುವವರು ಈಗ ಯಾರಿದ್ದಾರೆ? ಎರಡು ಗಂಟೆಗೆ ಇಳಿಸಿ, ಹಾಡು ಕಡಿಮೆ ಮಾಡಿ" ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಅಭಿಮಾನವಿದೆ. ಆದರೆ ಇತಿಹಾಸವನ್ನು ನೋಡಿದರೆ ಇಬ್ಬರ ವಾದವೂ ಅಪೂರ್ಣವೆಂದು ನನಗೆ ತೋರುತ್ತದೆ.

"ಇದ್ದ ಹಾಗೆ" ಎನ್ನುವುದನ್ನೇ ಮೊದಲು ನೋಡೋಣ. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ' 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಗೆ ಹೆಸರು ತಂದ ನಾಟಕ. ಅದರಲ್ಲಿನ ಕಳ್ಳನ ಪಾತ್ರವು ಗುಬ್ಬಿ ವೀರಣ್ಣನವರ ಹಾಸ್ಯಪ್ರತಿಭೆಯಿಂದಲೇ ಬೆಳೆಯಿತು. 1935ರಲ್ಲಿ ಅದು ಚಲನಚಿತ್ರವೂ ಆಯಿತು. ಮುಂದೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ತಮ್ಮ 'ಸ್ಪಂದನ' ತಂಡದಿಂದ ಅದೇ ನಾಟಕವನ್ನು ಮತ್ತೆ ರಂಗಕ್ಕೆ ತಂದು, ತಾತ ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಗಂಡಸಿನ ಪಾತ್ರಕ್ಕೆ ಹೆಣ್ಣುಮಗಳು ಬಂದಳೆಂದು 'ಸದಾರಮೆ' ಕೆಡಲಿಲ್ಲ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವು ಹಾಡಿನ ನಾಟಕವಲ್ಲದಿದ್ದರೂ ಇಲ್ಲಿ ನೆನೆಯತಕ್ಕದ್ದು. ಆಯಾ ದಿನದ ರಾಜಕೀಯವನ್ನು ಹಿಡಿದು ಅವರ ಮಾತು ಬದಲಾಗುತ್ತಿತ್ತು, ನಾಟಕವು ದಶಕಗಳ ಕಾಲ ಬಾಳಿತು. ಕಂಪನಿ ನಾಟಕವು ಅಚ್ಚಾದ ಪುಸ್ತಕದಂತೆ ಒಂದೇ ರೂಪದಲ್ಲಿ ನಿಂತಿದ್ದ ಕಾಲವೇ ಇರಲಿಲ್ಲ.

ಹಾಗಾದರೆ ಎಲ್ಲವನ್ನೂ ಬದಲಿಸಬಹುದೆ? ಇಲ್ಲಿಯೇ ನಾನು ಎರಡನೆಯ ಪಂಗಡದವರಿಂದ ಬೇರೆಯಾಗುತ್ತೇನೆ.

ನಮ್ಮ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯು ಚಿಂದೋಡಿ ವೀರಪ್ಪನವರ ಕಾಲದಿಂದ ಚಿಂದೋಡಿ ಲೀಲಾ ಅವರವರೆಗೆ ಹೆಸರುವಾಸಿಯಾಗಿ ನಡೆಯಿತು. ಲೀಲಾ ಅವರು 2010ರಲ್ಲಿ ತೀರಿಕೊಂಡರು. ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ನಾಟಕ ನೋಡಲು ನಮ್ಮೂರಿನಿಂದ ಹೋಗುತ್ತಿದ್ದವರಲ್ಲಿ ನಾನೂ ಒಬ್ಬ. ಕಥೆ ಎಲ್ಲರಿಗೂ ಗೊತ್ತಿರುತ್ತಿತ್ತು. ಆದರೂ ಜನ ಮತ್ತೆ ಮತ್ತೆ ಹೋಗುತ್ತಿದ್ದುದೇಕೆ? ನಟರು ತಮ್ಮ ಕಂಠದಿಂದಲೇ ಹಾಡುತ್ತಿದ್ದರು. ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮೇಷ್ಟ್ರು ನಟನ ಮುಖ ನೋಡಿಕೊಂಡು ಸ್ವರ ಹಿಡಿಯುತ್ತಿದ್ದರು. ಜನ "ವನ್ಸ್ ಮೋರ್" ಎಂದರೆ ಹಾಡು ಮತ್ತೆ ಮೊದಲಾಗುತ್ತಿತ್ತು, ಎರಡನೆಯ ಸಲ ಅದೇ ಹಾಡು ಬೇರೆಯಾಗಿ ಕೇಳಿಸುತ್ತಿತ್ತು. ಪ್ರೇಕ್ಷಕ, ನಟ, ಮೇಷ್ಟ್ರು ಮೂವರೂ ಕೂಡಿ ಅಂದಿನ ನಾಟಕವನ್ನು ಕಟ್ಟುತ್ತಿದ್ದರು. ಇಂದು ಹಲವು ಹಳ್ಳಿಗಳಲ್ಲಿ ಕೀಬೋರ್ಡು ಬಂದಿದೆ, ಕೆಲವೆಡೆ ಮೊದಲೇ ಮುದ್ರಿಸಿದ ಹಾಡಿಗೆ ನಟರು ತುಟಿ ಆಡಿಸುತ್ತಾರೆ. ಮುದ್ರಿತ ಹಾಡಿಗೆ ವನ್ಸ್ ಮೋರ್ ಕೂಗಿದರೇನು ಫಲ? ಅದು ನಮ್ಮ ಕೂಗನ್ನು ಕೇಳಿಸಿಕೊಳ್ಳುವುದಿಲ್ಲ.

ಈ ಸಂಕಟ ನಮ್ಮದು ಮಾತ್ರವಲ್ಲ. 'ಫ್ಯಾಂಟಮ್ ಆಫ್ ದಿ ಒಪೆರಾ' ಎಂಬ ಸಂಗೀತ ನಾಟಕವು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1988ರಿಂದ 2023ರವರೆಗೆ 13,981 ಪ್ರಯೋಗಗಳನ್ನು ಕಂಡಿತು. ಲಂಡನ್ನಿನಲ್ಲಿ ಅದೇ ನಾಟಕವು ಕೊರೋನಾ ನಂತರ 2021ರಲ್ಲಿ ಮತ್ತೆ ಆರಂಭವಾದಾಗ ವಾದ್ಯಗಾರರ ಸಂಖ್ಯೆಯನ್ನು 27ರಿಂದ 14ಕ್ಕೆ ಇಳಿಸಲಾಗಿತ್ತು. ಅಲ್ಲಿನ ಅಭಿಮಾನಿಗಳು ಇದಕ್ಕೆ ಅಸಮಾಧಾನಗೊಂಡರು. ಅವರ ನೋವು ನಮ್ಮ ಹಾರ್ಮೋನಿಯಂ ಮೇಷ್ಟ್ರ ನೋವಿಗೆ ದೂರದ್ದಲ್ಲ.

ಕಂಪನಿಗಳ ಸಂಗೀತವನ್ನು ಉಳಿಸಲು ದುಡಿದವರು ನಮ್ಮಲ್ಲಿ ಇಲ್ಲದಿಲ್ಲ. ಬಾಲ್ಯದಲ್ಲಿಯೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಆ ಸಂಸ್ಕಾರವನ್ನು ಆಧುನಿಕ ರಂಗಭೂಮಿಗೆ ತಂದರು. ಕಂಪನಿಗಳಲ್ಲಿಯೇ ಬೆಳೆದ ಆರ್. ಪರಮಶಿವನ್ ಅವರು ಹಳೆಯ ರಂಗಗೀತೆಗಳನ್ನು ಹೊಸಬರಿಗೆ ಕಲಿಸಿದರು. ಈಗ ದಾವಣಗೆರೆಯಲ್ಲಿಯೇ ವೃತ್ತಿ ರಂಗಭೂಮಿಗೆಂದು ಒಂದು ರಂಗಾಯಣವಿರುವುದು ನಮ್ಮ ಜಿಲ್ಲೆಯ ಭಾಗ್ಯ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಅವಧಿಯನ್ನು ಕಡಿಮೆ ಮಾಡಲಿ, ಪರದೆಗಳನ್ನು ಬದಲಿಸಲಿ, ಹೆಣ್ಣನ್ನು ಹೀಗಳೆಯುವ ಹಳೆಯ ಹಾಸ್ಯವನ್ನು ಧಾರಾಳವಾಗಿ ತೆಗೆದುಹಾಕಲಿ. ಆದರೆ ನಟನು ರಂಗದ ಮೇಲೆ ಸ್ವತಃ ಹಾಡುವುದನ್ನೂ, ಎದುರಿಗೆ ಜೀವಂತ ವಾದ್ಯವಿರುವುದನ್ನೂ ಬಿಡಬಾರದು. ನಾಟಕದ ಹಸ್ತಪ್ರತಿ ಪೆಟ್ಟಿಗೆಯಲ್ಲಿದ್ದರೆ ಐವತ್ತು ವರ್ಷದ ಮೇಲೆಯೂ ತೆಗೆದು ಓದಬಹುದು. ಒಂದು ಮಟ್ಟನ್ನು ಎಲ್ಲಿ ಎಳೆಯಬೇಕು, ಎಲ್ಲಿ ಮಾತಿಗೆ ಬಿಡಬೇಕು ಎಂಬುದು ಮಾತ್ರ ಕಲಿತವರ ಕಂಠದಲ್ಲಿಯೂ ಬೆರಳಿನಲ್ಲಿಯೂ ಇರುತ್ತದೆ. ಅದು ಯಾವ ಪೆಟ್ಟಿಗೆಯಲ್ಲಿಯೂ ಸಿಗುವುದಿಲ್ಲ.

ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದ ಮೇಷ್ಟ್ರುಗಳಲ್ಲಿ ಉಳಿದವರು ಬೆರಳೆಣಿಕೆಯಷ್ಟು, ಅವರಿಗೂ ವಯಸ್ಸಾಗಿದೆ. ಮುಂದಿನ ಜಾತ್ರೆಗೆ ನಾಟಕ ಕಟ್ಟುವ ಯುವಕರು ಸೀನರಿಯ ಬಾಡಿಗೆಗೆ ಕೊಡುವ ಹಣದಲ್ಲಿ ಸ್ವಲ್ಪ ಭಾಗವನ್ನು ಉಳಿಸಿ, ಅಂತಹ ಒಬ್ಬರನ್ನು ಒಂದು ತಿಂಗಳ ಮಟ್ಟಿಗೆ ಊರಿಗೆ ಕರೆಸಿಕೊಳ್ಳಲಿ. ನಾಲ್ಕು ಹಾಡುಗಳನ್ನಾದರೂ ಅವರ ಎದುರಿಗೆ ಕುಳಿತು ಕಲಿಯಲಿ.