ನೆರೆಹೊರೆಯ ಮಾತಿಗೂ ಒಂದು ಸ್ಥಾನ: ಉಡುಪಿಯಿಂದ ಬೆಂಗಳೂರಿನವರೆಗೆ ಭೂ ಉಪಯೋಗದ ಆಕ್ಷೇಪಣೆಗಳ ಚರಿತ್ರೆ

ಊರಿನ ದಿನಪತ್ರಿಕೆಗಳ ಒಳಪುಟಗಳಲ್ಲಿ 'ಸಾರ್ವಜನಿಕ ಪ್ರಕಟಣೆ' ಎಂಬ ತಲೆಬರಹದ, ಸಣ್ಣ ಅಕ್ಷರಗಳ ಚೌಕವೊಂದು ಆಗಾಗ ಕಾಣಿಸಿಕೊಳ್ಳುತ್ತದೆ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನನ್ನು ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆಗಳಿದ್ದಲ್ಲಿ ನಿಗದಿತ ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂಬಷ್ಟೇ ಅದರ ಸಾರ. ಬನಿಯಾಸಿನಲ್ಲಿ ನೆಲೆಸಿರುವ ನಮ್ಮ ಕಣ್ಣಿಗೆ ಅದು ಬೀಳುವುದು ಅಪರೂಪ. ಊರಿನಲ್ಲಿರುವ ಬಂಧುಗಳೂ ಅದನ್ನು ಓದದೆ ಪುಟ ತಿರುವುವುದೇ ಹೆಚ್ಚು. ಆದರೆ ಆ ಚೌಕದ ಹಿಂದೆ ದೀರ್ಘವಾದ ಚರಿತ್ರೆಯಿದೆ. ಪಕ್ಕದ ನಿವೇಶನದಲ್ಲಿ ಏನು ಏಳಬೇಕೆಂಬುದರಲ್ಲಿ ನೆರೆಹೊರೆಯವರಿಗೂ ಮಾತಿದೆ ಎಂಬ ತತ್ತ್ವಕ್ಕೆ ನ್ಯಾಯಾಲಯದ ಬಲವನ್ನು ದೊರಕಿಸಿಕೊಟ್ಟವರಲ್ಲಿ ನಮ್ಮ ಉಡುಪಿಯ ಮತ್ತು ಬೆಂಗಳೂರಿನ ನಿವಾಸಿಗಳು ಮುಖ್ಯರು. ಆ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಭೂಮಿಯ ವ್ಯವಹಾರ ನಾಲ್ಕು ಜನರ ಎದುರಿನಲ್ಲಿ ನಡೆಯಬೇಕೆಂಬ ಭಾವನೆ ಕನ್ನಡ ನಾಡಿಗೆ ಹೊಸತಲ್ಲ. ನಮ್ಮ ದಾನಶಾಸನಗಳು ಕೊಟ್ಟವರ ಮತ್ತು ಪಡೆದವರ ಹೆಸರುಗಳೊಂದಿಗೆ ಭೂಮಿಯ ಚತುಸ್ಸೀಮೆಯನ್ನು ಹೇಳುತ್ತವೆ. ಹಳ್ಳ, ಹುತ್ತ, ಮರ, ನೆಟ್ಟ ಕಲ್ಲುಗಳನ್ನು ಗುರುತಾಗಿ ಹೆಸರಿಸುತ್ತವೆ. ಅನೇಕ ಶಾಸನಗಳಲ್ಲಿ ಮಹಾಜನರು, ಗಾವುಂಡರು, ಒಕ್ಕಲುಗಳು ಸಾಕ್ಷಿಗಳಾಗಿ ನಿಂತಿದ್ದಾರೆ. ಮುಂದಿನ ಕಾಲದಲ್ಲಿ ಸರ್ಕಾರದ ಆಜ್ಞೆಯನ್ನು ಊರಿನಲ್ಲಿ ಡಂಗುರ ಹೊಡೆಸಿ ಸಾರುವ ಪದ್ಧತಿ ಬಂತು. ಇವೆರಡರಲ್ಲಿಯೂ ಜನರು ಕೇಳುವವರಾಗಿದ್ದರು, ಸಾಕ್ಷಿಗಳಾಗಿದ್ದರು. ಬೇಡವೆಂದು ಹೇಳುವ ಹಕ್ಕು ಮಾತ್ರ ಎಲ್ಲರಿಗೂ ಇರಲಿಲ್ಲ.

ಆಧುನಿಕ ನಗರ ಯೋಜನೆ ನಮ್ಮಲ್ಲಿಗೆ ಬಂದದ್ದು ರೋಗದ ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿದ ಅನಂತರ ಇಕ್ಕಟ್ಟಾದ ಪೇಟೆಗಳಿಂದ ಜನರನ್ನು ಹೊರತರುವ ಉದ್ದೇಶದಿಂದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. 1903ರಲ್ಲಿ ಮೈಸೂರು ನಗರಕ್ಕೆ ಸುಧಾರಣಾ ಟ್ರಸ್ಟ್ ಬಂತು; ಬೆಂಗಳೂರಿಗೆ ಅಂಥ ಕಾಯಿದೆ ದೊರೆತದ್ದು 1945ರಲ್ಲಿ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು 1915ರ ಮುಂಬಯಿ ನಗರ ಯೋಜನಾ ಕಾಯಿದೆಯ ವ್ಯಾಪ್ತಿಯಲ್ಲಿದ್ದವು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೆ 1920ರ ಮದರಾಸು ಕಾಯಿದೆ ಇತ್ತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಹೀಗೆ ನೆಲದ ಕಾನೂನುಗಳು ಹಲವಾಗಿದ್ದವು. ಅವುಗಳ ಬದಲಿಗೆ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ತಂದದ್ದು 1961ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. ಇಂದು ಅದನ್ನೇ ಕರ್ನಾಟಕದ ಹೆಸರಿನಿಂದ ಕರೆಯುತ್ತೇವೆ.

ಈ ಕಾಯಿದೆಯ ತಿರುಳು ಬಣ್ಣದ ಒಂದು ನಕ್ಷೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಗಳಿಗೆ ಹಸುರು ಎಂದು ಊರನ್ನು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಏನು ಕಟ್ಟಬಹುದೆಂದು ಮೊದಲೇ ಹೇಳಿಬಿಡುವುದು ಅದರ ಕ್ರಮ. ನಕ್ಷೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು ಅದರ 13ನೆಯ ಕಲಂ ವಿಧಿಸುತ್ತದೆ. ಸಾರ್ವಜನಿಕರಲ್ಲಿ ಯಾರೇ ಆಗಲಿ ಅವಧಿಯೊಳಗೆ ಲಿಖಿತವಾಗಿ ತಿಳಿಸಿದ ಅಭಿಪ್ರಾಯವನ್ನು ಪ್ರಾಧಿಕಾರವು ಪರಿಶೀಲಿಸಲೇಬೇಕು. ಕಾಗದದ ಮೇಲೆ ಇದು ಸೊಗಸಾದ ಮಾತು. ಅದಕ್ಕೆ ಜೀವ ಬರಬೇಕಾದರೆ ಯಾರಾದರೂ ಒಬ್ಬರು ಅದನ್ನು ಒರೆಗೆ ಹಚ್ಚಬೇಕಾಗಿತ್ತು.

ಮೊದಲು ಒರೆಗೆ ಹಚ್ಚಿದವರು ಉಡುಪಿಯವರು. ಪಟ್ಟಣದಲ್ಲಿ ನಗರ ಯೋಜನೆಯ ಪ್ರಕಾರ ವಸತಿಗೆ ಮೀಸಲಾದ ಪ್ರದೇಶವೊಂದಿತ್ತು. ಅಲ್ಲಿ ಕಲ್ಯಾಣ ಮಂಟಪ ಹಾಗೂ ಉಪನ್ಯಾಸ ಭವನವನ್ನು ಕಟ್ಟಲು ಪುರಸಭೆಯಿಂದ ಪರವಾನಗಿ ಪಡೆಯಲಾಯಿತು. ಬಳಿಕ ಅದೇ ಕಟ್ಟಡವನ್ನು ಚಿತ್ರಮಂದಿರವಾಗಿ ಪರಿವರ್ತಿಸಲು ಅನುಮತಿ ಕೇಳಿದಾಗ ಪುರಸಭೆ ಅದಕ್ಕೂ ಒಪ್ಪಿ ಠರಾವು ಮಾಡಿತು. ಆ ಭಾಗದ ನಿವಾಸಿ ಕೆ. ರಾಮದಾಸ ಶೆಣೈಯವರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡಕ್ಕೆ ಈಗಾಗಲೇ ಹಣ ವೆಚ್ಚವಾಗಿರಬಹುದೆಂಬ ಕಾರಣದಿಂದ ಉಚ್ಚ ನ್ಯಾಯಾಲಯವು ಠರಾವನ್ನು ರದ್ದುಗೊಳಿಸಲು ಹಿಂಜರಿಯಿತು. ಮೇಲ್ಮನವಿ ದೆಹಲಿಗೆ ಹೋಯಿತು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪು ಆ ಹಿಂಜರಿಕೆಯನ್ನು ತಳ್ಳಿಹಾಕಿತು.

ಆ ತೀರ್ಪಿನಲ್ಲಿ ಮೂರು ಅಂಶಗಳನ್ನು ನಾವು ಗಮನಿಸಬೇಕು. ತನ್ನ ನೆಲದಲ್ಲಿ ಕಟ್ಟಡ ಕಟ್ಟುವ ಹಕ್ಕು ಒಡೆಯನಿಗಿದ್ದರೂ ಪುರಸಭೆಯ ಎಲ್ಲೆಯೊಳಗೆ ಆ ಹಕ್ಕು ಸಮುದಾಯದ ಹಿತಕ್ಕೆ ಒಳಪಟ್ಟದ್ದು ಎಂಬುದು ಮೊದಲನೆಯದು. ಯೋಜನೆಯನ್ನು ಪಾಲಿಸುವುದು ಪುರಸಭೆಯ ಕರ್ತವ್ಯ, ಆ ಕರ್ತವ್ಯದ ಪಾಲನೆಯಲ್ಲಿ ಅಲ್ಲಿಯ ನಿವಾಸಿಗಳೆಲ್ಲರಿಗೂ ಸ್ವಂತ ಹಿತಾಸಕ್ತಿಯಿದೆ ಎಂಬುದು ಎರಡನೆಯದು. ಕಾನೂನಿಗೆ ವಿರುದ್ಧವಾದದ್ದು ಹಣ ಖರ್ಚಾದ ಮಾತ್ರಕ್ಕೆ ಸಕ್ರಮವಾಗುವುದಿಲ್ಲ ಎಂಬುದು ಮೂರನೆಯದು. ಅಲ್ಲಿಯವರೆಗೆ 'ಪಕ್ಕದ ಮನೆಯವರಿಗೆ ಇದರಲ್ಲೇನು ಕೆಲಸ?' ಎಂದು ಕೇಳಬಹುದಾಗಿತ್ತು. ಆ ಪ್ರಶ್ನೆಗೆ ಉಡುಪಿಯ ಮೊಕದ್ದಮೆ ಉತ್ತರ ಕೊಟ್ಟಿತು. ದೇಶದ ನಾನಾ ನ್ಯಾಯಾಲಯಗಳು ಇಂದಿಗೂ ಅಕ್ರಮ ಕಟ್ಟಡಗಳ ವಿಚಾರದಲ್ಲಿ ಆ ತೀರ್ಪನ್ನು ಉಲ್ಲೇಖಿಸುತ್ತವೆ. ಕರಾವಳಿಯಿಂದ ಬಂದ ನಮ್ಮಲ್ಲಿ ಅನೇಕರಿಗೆ ಇದು ನಮ್ಮದೇ ಊರಿನ ಕೊಡುಗೆಯೆಂದು ತಿಳಿದಿರಲಾರದು.

ಎರಡನೆಯ ಒರೆಗಲ್ಲು ಬೆಂಗಳೂರಿನದು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಖಾಲಿ ಜಾಗವನ್ನು 1976ರಲ್ಲಿ ಮುಖ್ಯಮಂತ್ರಿಗಳ ಸೂಚನೆಯ ಮೇರೆಗೆ ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಹಂಚಲಾಯಿತು. ಆಸ್ಪತ್ರೆಯೂ ಜನೋಪಯೋಗಿಯೇ, ಉದ್ಯಾನವೂ ಜನೋಪಯೋಗಿಯೇ. ಒಂದರ ಬದಲಿಗೆ ಇನ್ನೊಂದು ಬಂದರೆ ತಪ್ಪೇನು ಎಂಬುದು ಸಮರ್ಥನೆಯಾಗಿತ್ತು. ವಾದ ಕೇಳಲು ಹಿತವಾದದ್ದೇ. ಬಡಾವಣೆಯ ನಿವಾಸಿಗಳು ಒಪ್ಪಲಿಲ್ಲ. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಗೆಲುವನ್ನು ಎತ್ತಿಹಿಡಿಯಿತು. ಉದ್ಯಾನ ಎಲ್ಲರಿಗೂ ತೆರೆದದ್ದು, ಖಾಸಗಿ ಆಸ್ಪತ್ರೆ ಹಾಗಲ್ಲ. ಯೋಜನೆಯನ್ನು ಬದಲಾಯಿಸಬೇಕಾದರೆ ಕಾನೂನು ಹೇಳಿದ ದಾರಿಯಲ್ಲಿಯೇ ಬದಲಾಯಿಸಬೇಕು, ಅಧಿಕಾರಸ್ಥರ ಇಚ್ಛೆಯಿಂದಲ್ಲ. ತಮ್ಮ ಬಡಾವಣೆಯ ಬಯಲನ್ನು ಉಳಿಸಿಕೊಳ್ಳಲು ನಿವಾಸಿಗಳು ನ್ಯಾಯಾಲಯಕ್ಕೆ ಬರುವುದು ಅವರ ಹಕ್ಕು ಎಂದು ತೀರ್ಪು ಸಾರಿತು. ಒಂದು ಉದ್ಯಾನದ ಜಾಗಕ್ಕಾಗಿ ಹದಿನೈದು ವರ್ಷಗಳು ಸಂದಿದ್ದವು.

ಈ ಎರಡೂ ಮೊಕದ್ದಮೆಗಳಲ್ಲಿ ಜನರು ಮಾತಾಡಿದ್ದು ನಿರ್ಧಾರವಾದ ಮೇಲೆ, ನ್ಯಾಯಾಲಯದಲ್ಲಿ. ನಿರ್ಧಾರಕ್ಕೆ ಮುಂಚೆಯೇ ಮಾತಾಡುವ ಅವಕಾಶ ದೊರೆಯುವುದು ಕಾಯಿದೆಗೆ ಆಮೇಲೆ ಸೇರಿಸಲಾದ 14-ಎ ಕಲಂನಿಂದ. ಜಾರಿಯಲ್ಲಿರುವ ನಕ್ಷೆಯಲ್ಲಿ ಭೂ ಉಪಯೋಗವನ್ನು ಬದಲಾಯಿಸಬೇಕಾದರೆ ಸರ್ಕಾರದ ಪೂರ್ವಾನುಮೋದನೆ ಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ನಾವು ಆರಂಭದಲ್ಲಿ ಹೇಳಿದ ಚೌಕ ಹುಟ್ಟುವುದು ಇಲ್ಲಿಂದ. ಇದನ್ನು ಕೃಷಿ ಜಮೀನಿನ ಭೂ ಪರಿವರ್ತನೆಯೊಡನೆ, ಅಂದರೆ ಜನರು 'ಕನ್ವರ್ಷನ್' ಎನ್ನುವ ಕ್ರಮದೊಡನೆ, ಬೆರೆಸಬಾರದು. ಅದು 1964ರ ಭೂಕಂದಾಯ ಕಾಯಿದೆಯ 95ನೆಯ ಕಲಂನಂತೆ ಜಿಲ್ಲಾಧಿಕಾರಿಗಳ ಅನುಮತಿಯಿಂದ ಆಗುವಂಥದು.

ಜನರನ್ನು ಎದುರಿಗೆ ಕೂರಿಸಿ ಅಹವಾಲು ಕೇಳುವ ಪದ್ಧತಿ ಇನ್ನೊಂದು ದಾರಿಯಿಂದ ಬಂತು. 1994ರ ಪರಿಸರ ಪರಿಣಾಮ ಅಧಿಸೂಚನೆಗೆ 1997ರಲ್ಲಿ ಮಾಡಿದ ತಿದ್ದುಪಡಿಯು ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯನ್ನು ಕಡ್ಡಾಯಗೊಳಿಸಿತು. 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು, ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಕಲಾಪವನ್ನು ಚಿತ್ರೀಕರಿಸಬೇಕು. ಕೈಗಾ ಅಣುಸ್ಥಾವರದ 5 ಮತ್ತು 6ನೆಯ ಘಟಕಗಳ ಬಗ್ಗೆ 2018ರ ಡಿಸೆಂಬರಿನಲ್ಲಿ, ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ನಡೆದ ಸಭೆಗಳಲ್ಲಿ ಮಲೆನಾಡಿನ ಹಾಗೂ ಉತ್ತರ ಕನ್ನಡದ ಜನರು ತೀವ್ರವಾದ ವಿರೋಧವನ್ನು ದಾಖಲಿಸಿದರು. ಕೈಗಾ ಯೋಜನೆಗೆ ಮರುವರ್ಷವೇ ಪರಿಸರ ಅನುಮತಿ ದೊರೆಯಿತು. ಕೇಳುವುದು ಕಡ್ಡಾಯ, ಒಪ್ಪುವುದು ಕಡ್ಡಾಯವಲ್ಲ. ಈ ವ್ಯವಸ್ಥೆಯ ಮಿತಿ ಇರುವುದು ಇಲ್ಲಿಯೇ.

ಹಾಗೆಂದು ಬರೆದ ಮಾತುಗಳೆಲ್ಲ ವ್ಯರ್ಥವೆಂದು ತಿಳಿಯಬಾರದು. ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರ ನವೆಂಬರಿನಲ್ಲಿ ಪ್ರಕಟವಾದಾಗ 13 ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. 2020ರಲ್ಲಿ ಸರ್ಕಾರ ಆ ಕರಡನ್ನು ಹಿಂತೆಗೆದುಕೊಂಡಿತು. ಹಿಂತೆಗೆತಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ದಾಖಲೆಯಲ್ಲಿ ಕುಳಿತ ಆಕ್ಷೇಪಣೆ ಮುಂದೊಂದು ದಿನ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುತ್ತದೆ. ಆಡದೆ ಉಳಿದ ಮಾತಿಗೆ ಆ ಶಕ್ತಿಯಿಲ್ಲ.

ನಾವೀಗ ವಾಸವಾಗಿರುವ ನೆಲದತ್ತಲೂ ಒಮ್ಮೆ ನೋಡೋಣ. ಬನಿಯಾಸ್ ಎಂಬ ಹೆಸರು ಲಿವಾ ಓಯಸಿಸ್‌ನಿಂದ ಬಂದ ಬನೀ ಯಾಸ್ ಬುಡಕಟ್ಟಿನದು. ಅಬುಧಾಬಿಯ ಅರಸು ಮನೆತನವೂ ಆ ಬಳಗಕ್ಕೆ ಸೇರಿದ್ದು. 1960ರ ದಶಕದ ಕೊನೆಯಲ್ಲಿ ಶೇಖ್ ಜಾಯೆದ್ ಅವರು ಜಪಾನಿನ ಕಟ್ಸುಹಿಕೊ ತಕಾಹಾಶಿ, ಆಮೇಲೆ ಈಜಿಪ್ಟಿನ ಅಬ್ದುಲ್ ರಹಮಾನ್ ಮಖ್ಲೂಫ್ ಅವರ ನೆರವಿನಿಂದ ಈ ನಗರದ ನಕ್ಷೆಯನ್ನು ಹಾಕಿಸಿದರು. ಇಲ್ಲಿ ಪ್ರಜೆಯು ತನ್ನ ಅಹವಾಲನ್ನು ಹಿರಿಯರ ಮುಂದಿಡುವ ಸಾಂಪ್ರದಾಯಿಕ ಸ್ಥಳ ಮಜ್ಲಿಸ್. 2015ರಲ್ಲಿ ಯುನೆಸ್ಕೊ ಅದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪದ್ಧತಿ ಬೇರೆಯಾದರೂ ಅದರ ಹಿಂದಿನ ಅಗತ್ಯ ಒಂದೇ: ನಿರ್ಧರಿಸುವವರಿಗೂ ಅನುಭವಿಸುವವರಿಗೂ ನಡುವೆ ಒಂದು ಚಾಪೆ ಹಾಸಿರಬೇಕು.

ನಮ್ಮಲ್ಲಿ ಬಹುಮಂದಿಯ ಮನೆ, ತೋಟ, ನಿವೇಶನಗಳು ಊರಿನಲ್ಲಿವೆ. ವರ್ಷಕ್ಕೊಮ್ಮೆ ರಜೆಯಲ್ಲಿ ಹೋದಾಗ ಪಕ್ಕದ ಗದ್ದೆಯಲ್ಲಿ ಗೋದಾಮು ಎದ್ದಿರುವುದನ್ನೋ, ಬಡಾವಣೆಯ ಆಟದ ಬಯಲಿಗೆ ಬೇಲಿ ಬಿದ್ದಿರುವುದನ್ನೋ ಕಂಡು ಹಳಹಳಿಸುತ್ತೇವೆ. ಅಷ್ಟು ಹೊತ್ತಿಗೆ ಪತ್ರಿಕೆಯ ಆ ಚೌಕ ಹಳತಾಗಿರುತ್ತದೆ. ದೂರವಿದ್ದೇವೆಂಬ ಕಾರಣಕ್ಕೆ ಕಾನೂನು ನಮ್ಮನ್ನು ಹೊರಗಿಟ್ಟಿಲ್ಲ ಎಂಬುದು ಇಲ್ಲಿ ಮುಖ್ಯ. 13ನೆಯ ಕಲಂ 'ಸಾರ್ವಜನಿಕರಲ್ಲಿ ಯಾರೇ ಆಗಲಿ' ಎನ್ನುತ್ತದೆ, ಊರಿನಲ್ಲಿ ವಾಸವಿರಬೇಕೆಂದು ಹೇಳುವುದಿಲ್ಲ. ಪರಿಸರ ಅಹವಾಲಿನಲ್ಲಿಯೂ ಸಭೆಗೆ ಬರಲಾಗದವರು ಬರಹದ ಮೂಲಕ ಅಭಿಪ್ರಾಯ ಸಲ್ಲಿಸಲು ಅವಕಾಶವಿದೆ. ಬೇಕಾದದ್ದು ಇಷ್ಟೇ: ಊರಿನ ಪತ್ರಿಕೆಯ ಪ್ರಕಟಣೆಗಳ ಮೇಲೆ ಕಣ್ಣಿಡುವಂತೆ ಮನೆಯವರಲ್ಲಿ ಒಬ್ಬರಿಗೆ ಹೇಳಿಡುವುದು, ಸರ್ವೆ ನಂಬರು, ಗ್ರಾಮ ಮತ್ತು ಆಕ್ಷೇಪಣೆಯ ಕಾರಣಗಳನ್ನು ಸ್ಪಷ್ಟವಾಗಿ ಬರೆದು ಅವಧಿಯೊಳಗೆ ಪ್ರಾಧಿಕಾರಕ್ಕೆ ಕಳುಹಿಸುವುದು, ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಉಡುಪಿಯಲ್ಲಿ ನ್ಯಾಯಾಲಯಕ್ಕೆ ಹೋದವರೂ, ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕಾಗಿ ಹೋರಾಡಿದವರೂ ಅಧಿಕಾರಸ್ಥರಾಗಿರಲಿಲ್ಲ. ತಮ್ಮ ಬೀದಿಯ ಬಗ್ಗೆ ಕಾಳಜಿಯಿದ್ದ ನಿವಾಸಿಗಳಾಗಿದ್ದರು. ಅವರು ಗಳಿಸಿಕೊಟ್ಟ ಹಕ್ಕು ನಮ್ಮೆಲ್ಲರ ಪಿತ್ರಾರ್ಜಿತ. ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಎಷ್ಟು ದೂರದಲ್ಲಿದ್ದರೂ ನಾವು ಮರೆಯುವುದಿಲ್ಲ. ಈ ಹಕ್ಕನ್ನೂ ಮರೆಯದಿರೋಣ.