ಕಾಫಿ ಎಲೆಯ ತುಕ್ಕು ಮತ್ತು ಬಾಳೆಹೊನ್ನೂರಿನ ಒಂದು ಶೋಧ

ಮಳೆಗಾಲ ಮುಗಿಯುವ ಹೊತ್ತಿಗೆ ಅರೇಬಿಕಾ ತೋಟದಲ್ಲಿ ಓಡಾಡಿದವರಿಗೆ ಈ ಬಣ್ಣ ಗೊತ್ತಿರುತ್ತದೆ. ಎಲೆಯ ಮೇಲ್ಗಡೆ ಮಸುಕು ಹಳದಿಯ ಮಚ್ಚೆ. ಮಗುಚಿ ನೋಡಿದರೆ ಅದೇ ಜಾಗದಲ್ಲಿ ಕಿತ್ತಳೆ ಬಣ್ಣದ ಹುಡಿ. ಬೆರಳಲ್ಲಿ ಸವರಿದರೆ ಕುಂಕುಮದ ಹಾಗೆ ಅಂಟಿಕೊಳ್ಳುತ್ತದೆ. ಇದು ಎಲೆತುಕ್ಕು. ಹುಡಿಯ ಒಂದೊಂದು ಕಣವೂ ಒಂದು ಶಿಲೀಂಧ್ರದ ಬೀಜಕ. ಒಂದೇ ಮಚ್ಚೆಯಿಂದ ಇಂಥವು ಲಕ್ಷಗಟ್ಟಲೆ ಹೊರಬೀಳುತ್ತವೆ. ತುಕ್ಕು ಗಿಡವನ್ನು ಒಂದೇಟಿಗೆ ಕೊಲ್ಲುವುದಿಲ್ಲ. ಎಲೆ ಉದುರಿಸುತ್ತದೆ. ಎಲೆಯಿಲ್ಲದ ರೆಕ್ಕೆ ಒಣಗುತ್ತದೆ, ಒಣಗಿದ ರೆಕ್ಕೆಯಲ್ಲಿ ಬರುವ ವರ್ಷದ ಫಸಲಿಲ್ಲ. ಸಾಲ ಮಾಡಿ ತೋಟ ನಡೆಸುವವನಿಗೆ ಇದು ನಿಧಾನದ ಸಾವು.

ಮಲೆನಾಡಿನ ಚರಿತ್ರೆ ಎಂದಕೂಡಲೆ ನಾವು ಪಾಳೆಯಗಾರರು, ಮಠಗಳು, ಅಡಿಕೆ ವ್ಯಾಪಾರ ಎಂದು ಶುರು ಮಾಡುತ್ತೇವೆ. ಈ ಹುಡಿಗೂ ಅಲ್ಲಿ ಒಂದು ಅಧ್ಯಾಯ ಸಲ್ಲಬೇಕು ಎಂಬುದು ನನ್ನ ವಾದ. ಯಾಕೆಂದರೆ ಇವತ್ತು ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಗುಡ್ಡಗಳ ಮೇಲೆ ಯಾವ ಗಿಡ ನಿಂತಿದೆ, ಅದರ ತಲೆಯ ಮೇಲೆ ಎಷ್ಟು ನೆರಳಿದೆ ಎಂಬುದನ್ನು ನೂರೈವತ್ತು ವರ್ಷಗಳಿಂದ ತೀರ್ಮಾನಿಸಿದವರಲ್ಲಿ ಒಂದು ಶಿಲೀಂಧ್ರವೂ ಒಂದು ಹುಳವೂ ಸೇರಿವೆ.

ತುಕ್ಕಿಗೆ ಹೆಸರು ಬಿದ್ದದ್ದು 1869ರಲ್ಲಿ. ಸಿಲೋನಿನಿಂದ ಬಂದ ರೋಗದ ಎಲೆಗಳನ್ನು ಇಂಗ್ಲೆಂಡಿನಲ್ಲಿ ಕುಳಿತು ಪರೀಕ್ಷಿಸಿದ ಎಂ.ಜೆ. ಬರ್ಕ್‌ಲಿ ಎಂಬ ಪಾದ್ರಿ, ವೃತ್ತಿಯಿಂದ ಧರ್ಮಬೋಧಕ, ಖಯಾಲಿಯಿಂದ ಶಿಲೀಂಧ್ರಗಳ ಪಂಡಿತ, ಅದನ್ನು ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಎಂದು ಕರೆದ. ಮೊದಲ ಪದಕ್ಕೆ ಅರ್ಧ ನುಣುಪು ಎಂದರ್ಥ. ಬೀಜಕದ ಒಂದು ಮೈ ನುಣ್ಣಗೆ, ಇನ್ನೊಂದು ಮೈ ಮುಳ್ಳುಮುಳ್ಳು. ಎರಡನೆಯದಕ್ಕೆ ಹಾಳುಗೆಡವುವವಳು ಎಂದರ್ಥ. ಆಗಿನ್ನೂ ಸಿಲೋನಿನ ಕಾಫಿ ಉತ್ತುಂಗದಲ್ಲಿತ್ತು, ಆದರೂ ಹೆಸರಿಟ್ಟವನಿಗೆ ಮುಂದಿನದ್ದು ಕಂಡಿತ್ತೇನೋ. 1870ರಲ್ಲಿ ಸುಮಾರು ನಾಲ್ಕೂವರೆ ಕೋಟಿ ಕಿಲೋ ಇದ್ದ ಆ ದ್ವೀಪದ ರಫ್ತು 1889ರ ಹೊತ್ತಿಗೆ ಇಪ್ಪತ್ತೆರಡು ಇಪ್ಪತ್ಮೂರು ಲಕ್ಷಕ್ಕೆ ಇಳಿಯಿತು. ಕಾಫಿ ಕಿತ್ತ ಜಾಗದಲ್ಲಿ ಚಹಾ ಬಂತು. ಸಿಲೋನ್ ಎಂದರೆ ಟೀ ಎಂದು ನಾವು ಇವತ್ತು ಅಂದುಕೊಳ್ಳುವುದರ ಹಿಂದೆ ಈ ಕಿತ್ತಳೆ ಹುಡಿ ಇದೆ.

ಅಲ್ಲಿಗೆ 1880ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಯುವ ಸಸ್ಯವಿಜ್ಞಾನಿಯನ್ನು ಕಳಿಸಿದರು. ಅವನಿಗಾಗ ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ಅಂಟು ಸವರಿದ ಗಾಜಿನ ಚೂರುಗಳನ್ನು ಗಾಳಿಗೆ ಒಡ್ಡಿ ಬೀಜಕಗಳು ಹಾರಿಬರುವುದನ್ನು ತೋರಿಸಿದ. ಎಲೆಯ ಮೇಲೆ ನೀರಿನ ಹನಿ ಇದ್ದರೆ ಮಾತ್ರ ಅವು ಮೊಳೆಯುತ್ತವೆ, ಎಲೆಯಡಿಯ ಪತ್ರರಂಧ್ರಗಳ ಮೂಲಕ ಒಳನುಗ್ಗುತ್ತವೆ ಎಂದು ಕಂಡುಕೊಂಡ. ಬೆಟ್ಟದಿಂದ ಬೆಟ್ಟಕ್ಕೆ ಎಡೆಬಿಡದೆ ಒಂದೇ ಗಿಡ ಹಾಕಿದ್ದರಿಂದ ರೋಗಕ್ಕೆ ಹೆದ್ದಾರಿ ಸಿಕ್ಕಿದೆ ಎಂದೂ ಹೇಳಿದ. ತೋಟಗಾರರಿಗೆ ಬೇಕಿದ್ದದ್ದು ಔಷಧಿ. ಅದು ಅವನ ಕೈಯಲ್ಲಿರಲಿಲ್ಲ. 1882ರಲ್ಲಿ ವಾಪಸು ಹೋದ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಮಿಯಾರ್ಡೇ ಪ್ರಕಟಿಸಿದ್ದು 1885ರಲ್ಲಿ. ಮೂರು ವರ್ಷದ ಅಂತರ. ಚರಿತ್ರೆಯಲ್ಲಿ ಇಂಥವನ್ನು ಕಂಡಾಗ ಸುಮ್ಮನೆ ಕೈ ಹಿಸುಕಿಕೊಳ್ಳುವುದಷ್ಟೇ.

ಸಿಲೋನಿಗೆ ಬಂದ ತುಕ್ಕು ಹೆಚ್ಚು ತಡಮಾಡದೆ ನಮ್ಮ ಕಡೆಗೂ ಬಂತು. ಆದರೂ ಮೈಸೂರಿನ ಕಾಫಿ ಅಷ್ಟು ಪೂರ್ತಿ ಮಲಗಲಿಲ್ಲ. ಏಕೆ?

ಇದಕ್ಕೆ ಉತ್ತರದ ಒಂದು ತುಂಡು, ವಿಚಿತ್ರವೆಂದರೆ, ಇನ್ನೊಂದು ಪೀಡೆಯಲ್ಲಿದೆ. ತುಕ್ಕು ಬರುವ ಮೊದಲೇ, 1860ರ ದಶಕದಲ್ಲಿ, ಕೊಡಗು ಮತ್ತು ಮೈಸೂರಿನ ತೋಟಗಳನ್ನು ಬಿಳಿ ಕಾಂಡಕೊರಕ ಹಿಡಿದಿತ್ತು. ಈ ದುಂಬಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳ ಒಳಗೆ ಸುರಂಗ ಕೊರೆಯುತ್ತದೆ. ಹೊರಗಿನಿಂದ ಚೆನ್ನಾಗಿದ್ದ ಗಿಡ ಒಂದು ದಿನ ಬಾಡಿ ನಿಲ್ಲುತ್ತದೆ. ಮದರಾಸು ಸರಕಾರಕ್ಕಾಗಿ ಡಾ. ಜಾರ್ಜ್ ಬಿಡೀ ಇದರ ಬಗ್ಗೆ ವರದಿ ಬರೆದದ್ದು ಕೂಡ 1869ರಲ್ಲೇ. ಬಿಸಿಲು ಬೀಳುವ ಕಾಂಡವೆಂದರೆ ಈ ದುಂಬಿಗೆ ಇಷ್ಟ. ಕಾಡು ಬೋಳಿಸಿ ಬಯಲಿನಲ್ಲಿ ಕಾಫಿ ಹಾಕುವುದು ಇಲ್ಲಿ ನಡೆಯುವುದಿಲ್ಲ ಎಂಬ ಪಾಠವನ್ನು ಬೆಳೆಗಾರರು ಕಲಿತದ್ದರಲ್ಲಿ ಹುಳದ ಪಾಲು ದೊಡ್ಡದು. ಮಂಜರಾಬಾದಿನ ಸ್ಕಾಟಿಷ್ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಬೇಟೆಯ ಪುಟಗಳನ್ನು ನಾನು ಹಾರಿಸಿಬಿಡುತ್ತೇನೆ. ನೆರಳು ಮರಗಳ ಬಗ್ಗೆ ಬರೆಯುವಾಗ ಮಾತ್ರ ಆ ಮನುಷ್ಯನ ಕಾಳಜಿ ನಿಜವಾದದ್ದು.

ಆ ಹೊತ್ತಿನ ಇನ್ನೊಂದು ಬದಲಾವಣೆ ತಳಿಯದು. ಚಿಕ್ಕಮಗಳೂರಿನ ಹೆಸರಿನಿಂದ 'ಚಿಕ್' ಎಂದೇ ಕರೆಸಿಕೊಳ್ಳುತ್ತಿದ್ದ ಹಳೆಯ ಕಾಫಿ ಹುಳಕ್ಕೂ ತುಕ್ಕಿಗೂ ಸೋತಿತು. ಅದರ ಜಾಗಕ್ಕೆ ಕೊಡಗಿನಿಂದ ಬೀಜ ತಂದರು. ಅದು 'ಕೂರ್ಗ್' ತಳಿ ಎನಿಸಿತು. ಒಂದಷ್ಟು ವರ್ಷ ಉಸಿರಾಡಲು ಬಿಡುವು ಸಿಕ್ಕಿತು. ಆಮೇಲೆ ಕೂರ್ಗ್ ಕೂಡ ತುಕ್ಕಿಗೆ ಬಿತ್ತು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಎಂಬ ಕತೆ ನಮಗೆಲ್ಲ ಗೊತ್ತು. ಏಳೋ ಎಪ್ಪತ್ತೋ, ಕತೆಯ ಒಳಗೊಂದು ಕಹಿ ಸತ್ಯವಿದೆ: ಬಂದದ್ದು ಕೆಲವೇ ಬೀಜ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿಕಟ್ಟುವ ಗಿಡ, ಹೊಸ ರಕ್ತ ಸುಲಭಕ್ಕೆ ಸೇರುವುದಿಲ್ಲ. ಡಚ್ಚರು 1696ರಲ್ಲಿ ಮತ್ತು 1699ರಲ್ಲಿ ಮಲಬಾರಿನಿಂದ ಜಾವಾಕ್ಕೆ ಒಯ್ದದ್ದು ಇದೇ ಮೂಲದ ಸಸಿಗಳನ್ನು. ಅಲ್ಲಿಂದ ಆಮ್‌ಸ್ಟರ್‌ಡ್ಯಾಮಿಗೆ, ಪ್ಯಾರಿಸಿಗೆ, ಕೊನೆಗೆ ಅಮೆರಿಕ ಖಂಡದ ತೋಟಗಳಿಗೆ ಹೋದ ಕಾಫಿಯೂ ಬಹುಪಾಲು ಇದೇ ಮನೆತನ. ಹೀಗಾಗಿ ತೋಟದಲ್ಲಿ ಹತ್ತು ಸಾವಿರ ಗಿಡವಿದ್ದರೂ ತುಕ್ಕಿನ ಪಾಲಿಗೆ ಅದು ಹೆಚ್ಚುಕಡಿಮೆ ಒಂದೇ ಗಿಡ. ಒಂದು ಬೀಗ ತೆಗೆದರೆ ಊರಿನ ಎಲ್ಲ ಮನೆಯೂ ತೆರೆದಂತೆ.

ಮುಂದಿನ ಕತೆ 1911ರದು. ಮೈಸೂರು ಸೀಮೆಯ ದೊಡ್ಡನಗುಡ್ಡ ಎಸ್ಟೇಟಿನಲ್ಲಿ ಎಲ್.ಪಿ. ಕೆಂಟ್ ಎಂಬಾತ ಒಂದು ಗಿಡವನ್ನು ಗುರುತಿಸಿ ಬೀಜ ತೆಗೆದ. ಸುತ್ತಲಿನವು ಎಲೆ ಕಳೆದುಕೊಂಡಾಗ ಇದು ಹಸಿರಾಗಿತ್ತು. ಅದರ ಮಕ್ಕಳೂ ತಡೆದವು. 'ಕೆಂಟ್ಸ್' ಎಂಬ ಹೆಸರಿನಲ್ಲಿ ಆ ಬೀಜ ತೋಟದಿಂದ ತೋಟಕ್ಕೆ, ನಂತರ ಕೆನ್ಯಾ ಮತ್ತು ಟಾಂಗಾನಿಕಾಕ್ಕೂ ಹೋಯಿತು. ದಿನವಿಡೀ ಗಿಡದಿಂದ ಗಿಡಕ್ಕೆ ಹೋಗಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಯಾವ ಗಿಡ ಹೇಗಿದೆ ಎಂಬುದನ್ನು ದೊರೆಗಿಂತ ಚೆನ್ನಾಗಿ ಬಲ್ಲವರು. ಆದರೆ ತಳಿಗೆ ಉಳಿದದ್ದು ಮಾಲೀಕನ ಹೆಸರು.

ಕೆಂಟ್ಸ್‌ನ ಎಲೆಯ ಮೇಲೂ ಕೆಲವು ವರ್ಷಗಳಲ್ಲಿ ಕಿತ್ತಳೆ ಹುಡಿ ಕಾಣಿಸಿತು. ಇಂಥ ಹೊತ್ತಿನಲ್ಲಿ ವಿವರಣೆಗಳಿಗೆ ಬರವಿರುವುದಿಲ್ಲ. ತಳಿ ಹಳತಾಯಿತು, ಮಣ್ಣು ಸೋತಿತು, ಬೀಜ ಕಲಬೆರಕೆಯಾಯಿತು. ಎಲ್ಲ ವಿವರಣೆಯೂ ಗಿಡದ ಕಡೆಗೇ ಬೆರಳು ತೋರಿಸುತ್ತದೆ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಆಗ ಲೆಸ್ಲಿ ಕೋಲ್ಮನ್ ಇದ್ದರು. ಕೆನಡಾದ ಈ ವಿಜ್ಞಾನಿ 1908ರಲ್ಲಿ ಇಲ್ಲಿಗೆ ಬಂದು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆಯನ್ನು ಮಲೆನಾಡಿನ ಮಳೆಗೆ ಒಗ್ಗಿಸಿದವರು. 1925ರಲ್ಲಿ ಭದ್ರೆಯ ದಂಡೆಯ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅಲ್ಲಿ ಕೆಲಸ ಮಾಡಿದ ಡಬ್ಲ್ಯು. ವಿಲ್ಸನ್ ಮೇನ್ ಗಿಡವನ್ನು ಬಿಟ್ಟು ತುಕ್ಕಿನ ಮೇಲೆ ಕಣ್ಣಿಟ್ಟರು. ಅವರ ಪ್ರಯೋಗದ ತರ್ಕ ಸರಳ. ಬೇರೆ ಬೇರೆ ಗಿಡಗಳಿಂದ ತುಕ್ಕಿನ ಹುಡಿ ತಂದು, ಒಂದೊಂದನ್ನೂ ಬೇರೆ ಬೇರೆ ತಳಿಗಳ ಎಲೆಗೆ ಹಚ್ಚಿ ನೋಡುವುದು. ಕಣ್ಣಿಗೆ, ಸೂಕ್ಷ್ಮದರ್ಶಕಕ್ಕೆ ಕೂಡ, ಎಲ್ಲ ಹುಡಿಯೂ ಒಂದೇ. ಆದರೆ ಒಂದು ಮಾದರಿ ಕೂರ್ಗ್ ಎಲೆಯಲ್ಲಿ ಮೊಳೆತು ಕೆಂಟ್ಸ್‌ನಲ್ಲಿ ಸೋಲುತ್ತಿತ್ತು. ಇನ್ನೊಂದು ಎರಡರಲ್ಲೂ ಗೆಲ್ಲುತ್ತಿತ್ತು. ಅಂದರೆ ತುಕ್ಕು ಒಂದಲ್ಲ. ಕೆಂಟ್ಸ್ ಕೆಟ್ಟಿರಲಿಲ್ಲ, ಅದು ಮೊದಲಿನ ಹಾಗೆಯೇ ಇತ್ತು. ಬದಲಾದದ್ದು ಅದರ ಮೇಲೆ ಬಂದಿಳಿದ ಶಿಲೀಂಧ್ರ. ತೋಟಗಾರರು ಊರಿಗೆಲ್ಲ ಕೆಂಟ್ಸ್ ಹಾಕಿದಷ್ಟೂ, ಕೆಂಟ್ಸ್ ತಿನ್ನಬಲ್ಲ ತುಕ್ಕಿಗೆ ಊಟ ಬಡಿಸಿದಂತಾಗಿತ್ತು.

ಈ ಫಲಿತಾಂಶ 1932ರಲ್ಲಿ ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಬಂತು. ಆ ದಶಕ ಮುಗಿಯುವಷ್ಟರಲ್ಲಿ ಮೇನ್ ನಾಲ್ಕು ಬಗೆಗಳನ್ನು ಬೇರ್ಪಡಿಸಿದ್ದರು. ಗೋಧಿಯ ತುಕ್ಕಿನಲ್ಲಿ ಇಂಥ ಬಗೆಗಳಿರುವುದನ್ನು ಅಮೆರಿಕದ ಸ್ಟೇಕ್‌ಮನ್ ಮೊದಲೇ ತೋರಿಸಿದ್ದರು. ಕಾಫಿಯಲ್ಲಿ ಜಗತ್ತಿಗೆ ತೋರಿಸಿದ್ದು ಬಾಳೆಹೊನ್ನೂರು. ಕಾಫಿ ಬಗ್ಗೆ ಕನ್ನಡದಲ್ಲಿ ಇಷ್ಟು ಬರೆಯುತ್ತೇವೆ, ಘಮದ ಮೇಲೆ, ಫಿಲ್ಟರಿನ ಮೇಲೆ, ಕವಿತೆ ಕೂಡ. ಮೇನ್ ಹೆಸರನ್ನು ಮಾತ್ರ ನಾನು ನಮ್ಮ ಸಾಹಿತ್ಯದ ಮಾತುಕತೆಯಲ್ಲಿ ಒಮ್ಮೆಯೂ ಕೇಳಿಲ್ಲ.

ಈ ತಿಳಿವಳಿಕೆ ಬಂದ ಮೇಲೆ ಹುಡುಕಾಟದ ದಿಕ್ಕು ಬದಲಾಯಿತು. ಅರೇಬಿಕಾದ ಸಣ್ಣ ಮನೆತನದೊಳಗೇ ಇನ್ನೊಂದು ಗಟ್ಟಿ ಗಿಡ ಹುಡುಕಿ ಪ್ರಯೋಜನ ಅಷ್ಟಕ್ಕಷ್ಟೆ. ಹೊರಗಿನ ರಕ್ತ ಬೇಕು. ಅದು ಸಿಕ್ಕಿದ್ದು ಒಂದು ಸೋತ ಪ್ರಯತ್ನದಲ್ಲಿ. ತುಕ್ಕಿನ ಮೊದಲ ಹಾವಳಿಯಲ್ಲಿ, 1870ರ ದಶಕದಿಂದ, ಪಶ್ಚಿಮ ಆಫ್ರಿಕಾದ ಲೈಬೀರಿಕಾ ಕಾಫಿಯನ್ನು ಸಿಲೋನಿನಲ್ಲೂ ದಕ್ಷಿಣ ಭಾರತದಲ್ಲೂ ಹಾಕಿ ನೋಡಿದ್ದರು. ಮರದಷ್ಟೆತ್ತರದ ಗಿಡ, ಅಗಲ ಎಲೆ, ದಪ್ಪ ಸಿಪ್ಪೆಯ ಹಣ್ಣು, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಬೆಳೆಯಾಗಿ ಅದು ಬಿದ್ದುಹೋಯಿತು. ಅಲ್ಲೊಂದು ಇಲ್ಲೊಂದು ಗಿಡ ಉಳಿಯಿತು. ಅಂಥದೊಂದರ ಪರಾಗ ಅರೇಬಿಕಾದೊಂದಿಗೆ ಯಾರ ಅಪ್ಪಣೆಯೂ ಇಲ್ಲದೆ ಬೆರೆತು ಹುಟ್ಟಿದ ಸಂಕರ ಬಾಳೆಹೊನ್ನೂರಿನ ಪಟ್ಟಿಯಲ್ಲಿ ಎಸ್.26 ಎಂದು ದಾಖಲಾಯಿತು. ಅದರ ಸಂತತಿಯಿಂದ ಆರಿಸಿದ್ದು ಎಸ್.288. ಆಗ ಇಲ್ಲಿ ತೊಂದರೆ ಕೊಡುತ್ತಿದ್ದ ತುಕ್ಕಿನ ಬಗೆಗಳನ್ನು ಅದು ತಡೆಯಿತು. ಆದರೆ ಲೈಬೀರಿಕಾದ ಕಡೆಯಿಂದ ಬಂದ ಒರಟುತನವೂ ಜೊತೆಗಿತ್ತು, ಬೇಳೆಗಳಲ್ಲಿ ದೋಷ ಹೆಚ್ಚು. ಹಾಗಾಗಿ ಎಸ್.288ನ್ನು ಕೆಂಟ್ಸ್ ಜೊತೆ ಕೂಡಿಸಿದರು. ರೋಗದ ವಿರುದ್ಧ ಸೋತಿದ್ದರೂ ಕೆಂಟ್ಸ್‌ನ ಬೇಳೆ ಚೆನ್ನ, ರುಚಿ ಚೆನ್ನ. ಹೀಗೆ ಹುಟ್ಟಿದ ಎಸ್.795 ತಳಿ 1940ರ ದಶಕದ ಮಧ್ಯದಲ್ಲಿ ಬೆಳೆಗಾರರ ಕೈಗೆ ಬಂತು. ಒಂದು ಬಿದ್ದುಹೋದ ಬೆಳೆ, ಒಂದು ಸೋತ ತಳಿ. ಇವೆರಡರ ಮೊಮ್ಮಗು ಭಾರತದ ಅರೇಬಿಕಾ ತೋಟಗಳನ್ನು ದಶಕಗಟ್ಟಲೆ ಆಳಿತು.

ಲೈಬೀರಿಕಾದಿಂದ ಬಂದ ಆ ತಡೆಯ ವಂಶವಾಹಿಗೆ ಈಗ ಎಸ್‌ಎಚ್3 ಎಂದು ಹೆಸರು. ಇಂಥ ಒಂಬತ್ತಕ್ಕೆ ಸಂಖ್ಯೆ ಕೊಟ್ಟದ್ದು ಪೋರ್ಚುಗಲ್ಲಿನ ಓಯಿರಾಸ್‌ನಲ್ಲಿ 1955ರಲ್ಲಿ ಶುರುವಾದ ಕಾಫಿ ತುಕ್ಕಿನ ಸಂಶೋಧನಾ ಕೇಂದ್ರ. ಕಾಫಿ ಬೆಳೆಯದ ದೇಶವನ್ನು ಬೇಕೆಂದೇ ಆರಿಸಿದ್ದರು. ಅಲ್ಲಿಂದ ಬೀಜಕ ತಪ್ಪಿಸಿಕೊಂಡರೂ ಹತ್ತಲು ತೋಟವಿಲ್ಲ. ಮೇನ್ ನಾಲ್ಕು ಎಂದು ಎಣಿಸಿದ್ದ ಬಗೆಗಳು ಇವತ್ತು ಐವತ್ತನ್ನು ದಾಟಿವೆ. ಟೈಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ ಇನ್ನೊಂದು ಸಂಕರದಿಂದ ಕೆಟಿಮೋರ್ ತಳಿಗಳು ಬಂದವು. ನಮ್ಮಲ್ಲಿ 1980ರ ದಶಕದಲ್ಲಿ ಅದು ಕಾವೇರಿ ಎಂಬ ಹೆಸರು ಪಡೆಯಿತು. ಗಿಡ್ಡ ಗಿಡ, ಬೇಗ ಫಸಲು, ಬೆಳೆಗಾರರು ಮುಗಿಬಿದ್ದರು. ಅದರ ತಡೆಯೂ ಬಹಳ ಕಾಲ ನಿಲ್ಲಲಿಲ್ಲ. ಅದೇ ಟೈಮೋರ್ ಮೂಲವನ್ನು ಇನ್ನೊಂದು ಗಿಡ್ಡ ತಳಿಯೊಂದಿಗೆ ಕೂಡಿಸಿದ ಚಂದ್ರಗಿರಿ 2007ರಲ್ಲಿ ಬಂತು.

ಕಾಂಡಕೊರಕದ ಕತೆಯಲ್ಲಿ ಇಷ್ಟು ತಿರುವುಗಳೂ ಇಲ್ಲ. ಅದನ್ನು ನೆಚ್ಚಿಕೊಂಡು ಎದುರಿಸಬಲ್ಲ ಅರೇಬಿಕಾ ತಳಿ ಬೆಳೆಗಾರನ ಕೈಗೆ ಇನ್ನೂ ಬಂದಿಲ್ಲ. ಇಂದಿಗೂ ಆಳುಗಳು ಗಿಡ ಗಿಡದ ತೊಗಟೆ ಉಜ್ಜಿ ಮೊಟ್ಟೆ ತೆಗೆಯುತ್ತಾರೆ, ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ, ಹುಳ ಬಿದ್ದ ಗಿಡವನ್ನು ಕಿತ್ತು ಸುಡುತ್ತಾರೆ. ತೋಟದ ನಿಜವಾದ ಸಂಕಟ ಇರುವುದು ಈ ಎರಡು ಪೀಡೆಗಳ ನಡುವೆ. ಎಲೆ ಬೇಗ ಒಣಗಿ ತುಕ್ಕು ಕಡಿಮೆಯಾಗಲಿ ಎಂದು ಮರಗಸಿ ಜಾಸ್ತಿ ಮಾಡಿದರೆ ಕಾಂಡಕ್ಕೆ ಬಿಸಿಲು ಬಿದ್ದು ಕೊರಕ ಬರುತ್ತದೆ. ನೆರಳು ದಟ್ಟವಾಗಿ ಬಿಟ್ಟರೆ ತೇವ ನಿಂತು ತುಕ್ಕು. ಹಾಲುವಾಣದ ಯಾವ ಕೊಂಬೆ ಕಡಿಯಬೇಕು, ಯಾವುದು ಬಿಡಬೇಕು ಎಂದು ಕೆಳಗೆ ನಿಂತು ಹೇಳುವವನ ಅಂದಾಜಿನ ಮೇಲೆ ಆ ವರ್ಷದ ಲೆಕ್ಕ ನಿಂತಿರುತ್ತದೆ. ಈ ಎಣಿಕೆಯಲ್ಲಿ ಸುಸ್ತಾದ ಎಷ್ಟೋ ಜನ ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದರು. ದೇಶದ ಕಾಫಿಯಲ್ಲಿ ಈಗ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಅದೇ.

ಎಸ್.795ರ ತಡೆಯೂ ಈಗ ಮೊದಲಿನಂತಿಲ್ಲ. ಎಸ್‌ಎಚ್3ನ್ನು ದಾಟಬಲ್ಲ ತುಕ್ಕು ನಮ್ಮ ಗುಡ್ಡಗಳಲ್ಲಿದೆ, ವರ್ಷಕ್ಕೆರಡು ಸಲ ಬೋರ್ಡೋ ಹೊಡೆಯದೆ ವಿಧಿಯಿಲ್ಲ. ಆದರೂ ಅದನ್ನು ಕಿತ್ತುಹಾಕದ ಬೆಳೆಗಾರರು ಚಿಕ್ಕಮಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಬರಕ್ಕೆ ಗಟ್ಟಿ, ಬೇಳೆ ದಪ್ಪ, ಬಟ್ಟಲಲ್ಲಿ ರುಚಿ ಸರಿ ಎನ್ನುತ್ತಾರೆ. ಜಾವಾದ ಜೆಂಬರ್ ಊರಿನ ಸಂಶೋಧನಾ ಕೇಂದ್ರದ ಮೂಲಕ ಆ ಬೀಜ ಇಂಡೋನೇಷ್ಯಾಕ್ಕೂ ಹೋಯಿತು. ಬಾಲಿಯಲ್ಲಿ, ಸುಲಾವೆಸಿಯ ಬೆಟ್ಟಗಳಲ್ಲಿ ಈಗಲೂ ಅದನ್ನು ಬೆಳೆಯುತ್ತಾರೆ. ಅಲ್ಲಿ ಅದಕ್ಕೆ ಬಾಳೆಹೊನ್ನೂರಿನ ಹೆಸರಿಲ್ಲ, ಜೆಂಬರ್ ಎಂದೇ ಕರೆಯುತ್ತಾರೆ.