ತಪ್ಪು ಯಾರದು: ಕರ್ನಲ್‌ನದೋ, ಕಂಪೈಲರ್‌ನದೋ?

ಲಾಗ್ ಟೇಬಲ್ ನೋಡಿ ಲೆಕ್ಕ ಮಾಡುತ್ತೀರಿ. ಉತ್ತರ ತಪ್ಪಿದರೆ ನಿಮ್ಮ ಹಂತಗಳನ್ನೇ ಮತ್ತೆ ಮತ್ತೆ ಪರೀಕ್ಷಿಸುತ್ತೀರೇ ಹೊರತು, ಟೇಬಲ್ಲೇ ತಪ್ಪಾಗಿ ಅಚ್ಚಾಗಿರಬಹುದೆಂದು ಅನುಮಾನಿಸುವುದಿಲ್ಲ. ಪ್ರೋಗ್ರಾಂ ಬರೆಯುವವರಿಗೆ ಕಂಪೈಲರ್ ಎಂಬುದು ಅಂಥದೇ ಒಂದು ಟೇಬಲ್. ಮನುಷ್ಯ ಓದಬಲ್ಲ ‘ಸಿ’ ಭಾಷೆಯ ಸಾಲುಗಳನ್ನು ಅದು ಪ್ರೊಸೆಸರ್ ಪಾಲಿಸಬಲ್ಲ ಆದೇಶಗಳನ್ನಾಗಿ ಪರಿವರ್ತಿಸುತ್ತದೆ. ಆ ಪರಿವರ್ತನೆಯೇ ತಪ್ಪಿದರೆ?

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಇದು ಪ್ರಾಣಸಂಕಟದ ಪ್ರಶ್ನೆ. ಬೇರೊಂದು ಪ್ರೋಗ್ರಾಂ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಕರ್ನಲ್ ಕೆಟ್ಟರೆ ಇಡೀ ಯಂತ್ರವೇ ಸ್ತಬ್ಧ. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದ ಜಿಸಿಸಿ ಕಂಪೈಲರ್, ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ – ಇವೆರಡರ ನಂಟು ಹಳೆಯದು. ಜಗಳವೂ ಹಳೆಯದೇ.

1998ರ ಸುಮಾರಿಗೆ ಜಿಸಿಸಿಯ ಹೊಸ ಆವೃತ್ತಿಗಳಿಂದ ಲಿನಕ್ಸ್ 2.0 ಕರ್ನಲನ್ನು ಕಟ್ಟಿದವರು ತೊಂದರೆಗೆ ಸಿಕ್ಕಿದರು. ಹಳೆಯ ಕಂಪೈಲರ್‌ನಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಟ್ಟರೆ ಯಾರನ್ನು ದೂರುತ್ತೀರಿ? ಹೊಸದನ್ನೇ ಅಲ್ಲವೇ? ಆದರೆ ದೋಷವಿದ್ದದ್ದು ಕರ್ನಲ್‌ನಲ್ಲಿ. ಯಾವ ರಿಜಿಸ್ಟರನ್ನು ತಾನು ಬದಲಿಸುತ್ತೇನೆಂದು ಅದರ ಅಸೆಂಬ್ಲಿ ತುಣುಕುಗಳು ಕಂಪೈಲರ್‌ಗೆ ಸರಿಯಾಗಿ ತಿಳಿಸಿರಲಿಲ್ಲ. ಹಳೆಯ ಕಂಪೈಲರ್‌ನಲ್ಲಿ ಅದು ಅದೃಷ್ಟದಿಂದ ನಡೆದುಹೋಗಿತ್ತು.

2014ರ ಜುಲೈನಲ್ಲಿ ಆದದ್ದು ಇದರ ತಿರುವುಮುರುವು. ಲಿನಕ್ಸ್ 3.16ರ ಪರೀಕ್ಷಾ ಆವೃತ್ತಿಗಳನ್ನು ಓಡಿಸುತ್ತಿದ್ದ ಕೆಲವರ ಯಂತ್ರಗಳು ಕಾರಣವಿಲ್ಲದೆ ಕುಸಿಯತೊಡಗಿದವು. ಕಟ್ಟುವಾಗಲೇ ‘ಎರರ್’ ಎಂದು ನಿಂತಿದ್ದರೆ ಗೊತ್ತಾಗುತ್ತಿತ್ತು. ಇಲ್ಲಿ ಕರ್ನಲ್ ಸದ್ದಿಲ್ಲದೆ ಸಿದ್ಧವಾಗಿ, ಓಡುವಾಗ ಬೀಳುತ್ತಿತ್ತು. ಅದೂ ಯಾವಾಗಲೋ ಒಮ್ಮೆ. ನಮ್ಮ ಸ್ಟುಡಿಯೋದಲ್ಲೂ ಅಷ್ಟೇ, ಸತತವಾಗಿ ಕೆಟ್ಟ ಕೇಬಲ್ ಐದು ನಿಮಿಷದಲ್ಲಿ ಸಿಗುತ್ತದೆ, ಆಗಾಗ ಕೆಡುವುದು ಇಡೀ ದಿನ ತಿನ್ನುತ್ತದೆ.

ಟೊರ್ವಾಲ್ಡ್ಸ್ ತರ್ಕಕ್ಕೆ ಇಳಿಯಲಿಲ್ಲ. ಕಂಪೈಲರ್ ಹೊರಹಾಕಿದ ಯಂತ್ರಾದೇಶಗಳನ್ನೇ ತರಿಸಿಕೊಂಡು ಓದಿದರು. ಪ್ರೊಸೆಸರ್‌ಗಳಿಗೆ ಕೆಲಸ ಹಂಚುವ ‘ಲೋಡ್ ಬ್ಯಾಲೆನ್ಸ್’ ಎಂಬ ಭಾಗದಲ್ಲಿ ಉತ್ತರ ಸಿಕ್ಕಿತು. ತಾತ್ಕಾಲಿಕ ಬೆಲೆಗಳನ್ನು ಇಡುವ ಸ್ಟ್ಯಾಕ್ ಎಂಬ ನೆನಪಿನ ಜಾಗದಲ್ಲಿ ಮೊದಲು ಸ್ಥಳ ಕಾದಿರಿಸಿ, ಆಮೇಲೆ ಬರೆಯಬೇಕು. ಜಿಸಿಸಿ ಮೊದಲು ಬರೆದು, ಆಮೇಲೆ ಕಾದಿರಿಸಿತ್ತು! ಬಸ್ಸಿನ ಸೀಟಿಗೆ ಟವೆಲ್ ಹಾಕಿದರೆ ಅದು ನಿಮ್ಮದೆಂದು ಎಲ್ಲರೂ ಒಪ್ಪುತ್ತಾರೆ. ಇಲ್ಲಿ ಟವೆಲ್ ಹಾಕುವ ಮೊದಲೇ ತಿಂಡಿಯ ಪೊಟ್ಟಣ ಇಟ್ಟಾಗಿತ್ತು. ಹೆಚ್ಚಿನ ಸಲ ಯಾರೂ ಮುಟ್ಟುವುದಿಲ್ಲ. ಆದರೆ ಆ ಕಿರಿದಾದ ಸಂದಿಯಲ್ಲೇ ಗಡಿಯಾರದಿಂದಲೋ ನೆಟ್‌ವರ್ಕ್‌ನಿಂದಲೋ ಇಂಟರಪ್ಟ್ ಬಂದರೆ, ಅದರ ಕೆಲಸವೂ ಅದೇ ಸ್ಟ್ಯಾಕ್‌ನಲ್ಲಿ ನಡೆಯುವುದರಿಂದ ಬರೆದಿಟ್ಟ ಬೆಲೆ ಅಳಿಸಿಹೋಗುತ್ತಿತ್ತು.

ಕಾರಣ ಇನ್ನೂ ವಿಚಿತ್ರ. ದೋಷ ಹುಡುಕಲು ನೆರವಾಗಲೆಂದು ಕಂಪೈಲರ್ ಚರಾಂಶಗಳ ಜಾಡು ಬರೆದಿಡುತ್ತದೆ. ಕೇವಲ ಟಿಪ್ಪಣಿಯಾಗಬೇಕಿದ್ದ ಆ ಜಾಡೇ ಆದೇಶಗಳ ಕ್ರಮವನ್ನು ಬದಲಿಸಿತ್ತು. ಪರೀಕ್ಷೆಯ ಮೇಲ್ವಿಚಾರಕರು ಪಕ್ಕದಲ್ಲಿ ನಿಂತರೆಂದು ನಿಮ್ಮ ಉತ್ತರವೇ ಬದಲಾದ ಹಾಗೆ. ಈ ದೋಷ 2010ರ ಜಿಸಿಸಿ 4.5ರಿಂದಲೇ ಅಡಗಿತ್ತು, 4.9.0 ಮತ್ತು 4.9.1ರಲ್ಲಿ ಹೊರಬಿತ್ತು.

ಜಿಸಿಸಿ ತಂಡ ಮೂಲದೋಷವನ್ನು ತಿದ್ದಿತು. ಆದರೆ ದೋಷವಿದ್ದ ಕಂಪೈಲರ್ ಆಗಲೇ ಊರೂರು ತಲುಪಿತ್ತು. ಎಲ್ಲರೂ ಬದಲಿಸಿಕೊಳ್ಳಲಿ ಎಂದು ಕಾಯುವಂತಿರಲಿಲ್ಲ. ಆದ್ದರಿಂದ ಕರ್ನಲನ್ನು ಕಟ್ಟುವ ಸೂಚನೆಗಳ ಕಡತಕ್ಕೆ, ಆ ಜಾಡು ಬರೆಯುವ ಸೌಲಭ್ಯವನ್ನೇ ನಿಲ್ಲಿಸುವ ಒಂದು ಸೂಚನೆ ಸೇರಿತು. ದೋಷಶೋಧನೆಯ ಮಾಹಿತಿ ತುಸು ಮಂಕಾಯಿತು. ಕರ್ನಲ್ ಕುಸಿಯುವುದಕ್ಕಿಂತ ಅದು ಎಷ್ಟೋ ವಾಸಿ. ನನ್ನ ಮಟ್ಟಿಗೆ ಅದು ಸರಿಯಾದ ವ್ಯಾಪಾರ. ಇದರ ಜೊತೆಗೆ ಇನ್ನೊಂದು ಪರೀಕ್ಷೆಗೂ ದಾರಿಯಾಯಿತು: ಒಂದೇ ಕಡತವನ್ನು ಟಿಪ್ಪಣಿ ಸಹಿತ ಒಮ್ಮೆ, ರಹಿತ ಒಮ್ಮೆ ಪರಿವರ್ತಿಸಿ, ಎರಡೂ ಒಂದೇ ಆಗಿವೆಯೇ ಎಂದು ಕಂಪೈಲರ್‌ನಿಂದಲೇ ಹೋಲಿಸಿ ನೋಡುವುದು.

ತಾತ್ಕಾಲಿಕವೆಂದು ಹಾಕಿದ ತೇಪೆ ಎಷ್ಟು ದಿನ ಉಳಿಯಿತು ಗೊತ್ತೇ? ಎಲ್ಲ ಕಂಪೈಲರ್‌ಗಳಿಗೂ ಅನ್ವಯಿಸುತ್ತಿದ್ದ ಆ ಸೂಚನೆಯನ್ನು ಜಿಸಿಸಿ 5ಕ್ಕಿಂತ ಹಳೆಯವುಗಳಿಗೆ ಮಾತ್ರ ಸೀಮಿತಗೊಳಿಸಿದ್ದು 2020ರಲ್ಲಿ.